ಬಟ್ಟೆ ಕುಡಿದ ನೀರು

ನಮ್ಮೂರಲ್ಲಿ ಬಾವಿ ತೋಡಿದವರು ಯಾರೂ ಇಲ್ಲ, ತೋಡಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ. ಮಳೆ ಊರನ್ನು ಸುತ್ತುಬಳಸಿ ಆಚೆಯಿಂದಲೇ ಹೋಗಿಬಿಡುತ್ತದೆ. ಹೊಳೆ ಅಂದರೆ ಹೇಗಿರುತ್ತದೆ ಅಂತ ನಾವು ಬೀಗರ ಬಾಯಲ್ಲಿ ಕೇಳಿದ್ದೇ ಹೊರತು ನೋಡಿದ್ದಿಲ್ಲ. ನೀರು ಬೇಕಾದಾಗ ನಾವು ಹೊಸ ಬಟ್ಟೆ ತರಿಸುತ್ತೇವೆ. ಯಾವ ದೇಶದ್ದೇ ಆಗಲಿ, ಹತ್ತಿಯ ಬಟ್ಟೆ ನಮ್ಮ ಹಿಂಡುಕಟ್ಟೆಯ ಮೇಲೆ ಮೊದಲ ಸಲ ತಿರುವಿಗೆ ಸಿಕ್ಕಾಗ, ಅದರ ಗಿಡ ಹೊಲದಲ್ಲಿದ್ದಾಗ ಕುಡಿದ ನೀರನ್ನೆಲ್ಲ ಬಿಟ್ಟುಕೊಡುತ್ತದೆ. ಒಂದು ಅಂಗಿ ಹಿಂಡಿದರೆ ಮನೆಮಂದಿಯೆಲ್ಲ ಜಳಕ ಮಾಡಬಹುದು. ಒಂದು ಧೋತರ ಹಿಂಡಿದರೆ ಎಮ್ಮೆಗೂ ಮೈ ತೊಳೆಯಬಹುದು. ಒಮ್ಮೆ ಹಿಂಡಿದ ಬಟ್ಟೆ ಮತ್ತೆ ಕೊಡುವುದಿಲ್ಲ. ಆಮೇಲೆ ಅದು ಉಟ್ಟುಕೊಳ್ಳುವುದಕ್ಕೆ ಮಾತ್ರ.

ಹೀಗಾಗಿ ನಮ್ಮೂರಿಗೆ ಪರಸ್ಥಳದವರು ಬಂದರೆ ಚಹಾಕ್ಕಿಂತ ಮೊದಲು ಅವರ ಮೈಮೇಲಿನ ಬಟ್ಟೆ ಬಿಚ್ಚಿಸಿಕೊಳ್ಳುತ್ತೇವೆ. ಅದು ನಮ್ಮ ಮರ್ಯಾದೆ. ನನ್ನ ಅಳಿಯ ಮೊದಲ ಸಲ ಬಂದಾಗ ನಾವು ಹುಚ್ಚರೆಂದೇ ತಿಳಿದಿದ್ದ. ನನ್ನ ಗಂಡನ ಹಳೆ ಲುಂಗಿ ಸುತ್ತಿಕೊಂಡು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅವನ ಪ್ಯಾಂಟು ಹಿಂಡಿದರೆ ಒಂದು ಲೋಟ ನೀರು ಬಿತ್ತು, ಅಷ್ಟೆ. ಮುಕ್ಕಾಲು ಪಾಲು ಟೆರಿಕಾಟ್. ಇಂಥ ಒಣ ಗಂಡನ್ನು ಎಲ್ಲಿಂದ ಹುಡುಕಿ ತಂದಿರಿ ಅಂತ ಓಣಿಯ ಹೆಂಗಸರು ನನ್ನನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಾನು ಫಕೀರವ್ವ. ಮೊದಲ ತಿರುವು ನಮ್ಮ ಮನೆತನದ್ದು. ನಮ್ಮವ್ವನ ಕೈಯಿಂದ ನನ್ನ ಕೈಗೆ ಬಂದದ್ದು. ಹೊಸ ಗಂಟು ಬಿಚ್ಚಿದಾಗ ಮೊದಲ ಬಟ್ಟೆಗೆ ನಾನು ಕೈ ಹಾಕಿ ತಿರುವದ ಹೊರತು ಒಂದು ಹನಿಯೂ ಇಳಿಯುವುದಿಲ್ಲ. ನಾನು ತಿರುವಿ, ಬೊಗಸೆಯಲ್ಲಿ ಹಿಡಿದು ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ ಹೇಳಬೇಕು. ಹುಳಕ್ಕೆ ಹೊಡೆದ ಎಣ್ಣೆಯ ವಾಸನೆ ಬಂದರೆ ಆ ನೀರು ಕಹಿಗುಂಡಿಗೆ ಹೋಗುತ್ತದೆ, ಇಟ್ಟಿಗೆಯ ಕೆಸರು ಕಲಸುವುದಕ್ಕೆ. ಚಲೋ ನೀರಾದರೆ ಕಲ್ಲುಗಾಲುವೆಯಲ್ಲಿ ಹರಿದು ಊರ ಹೊಂಡಕ್ಕೆ. ನಮ್ಮವ್ವ ಒಂದೇ ಮಾತು ಕಲಿಸಿದ್ದಳು: ತಿರುವುವಾಗ ಬಾಯಿ ಮುಚ್ಚಿಕೊಂಡಿರಬೇಕು, ಬಟ್ಟೆ ಯಾವ ಊರಿನದೆಂದು ಕೇಳಬಾರದು. ಯಾಕೆ ಅಂದರೆ ಬೈಯುತ್ತಿದ್ದಳು. ಹೀಗಾಗಿ ನಾನೂ ಕೇಳಲಿಲ್ಲ, ಊರವರೂ ಕೇಳಲಿಲ್ಲ. ಗಿಡ ಆ ನೀರನ್ನು ಎಲ್ಲಿಂದ ಕುಡಿಯಿತೆಂದು ಯೋಚಿಸದೆ ಹಾಯಾಗಿದ್ದೆವು.

ನನ್ನ ಮಗಳು ಕಸ್ತೂರಿ ಚೊಚ್ಚಲ ಬಾಣಂತನಕ್ಕೆಂದು ಬಂದ ವರ್ಷವೇ ಇದೆಲ್ಲ ಆದದ್ದು. ಬಾಣಂತನವೆಂದರೆ ನೀರಿನ ಕೆಲಸ. ತಾಯಿಗೂ ಕೂಸಿಗೂ ಎಣ್ಣೆ ತಿಕ್ಕಿ ದಿನಾ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ಮೊದಲ ತಿರುವಿನ ಮನೆ ನಮ್ಮದು, ನೀರಿಗೇನು ಬರ, ಕಳಿಸಿಕೊಡಿ ಅಂತ ಬೀಗರ ಮುಂದೆ ಕೊಚ್ಚಿಕೊಂಡು ಮಗಳನ್ನು ಕರೆದುಕೊಂಡು ಬಂದಿದ್ದೆ. ಬಂದು ನೋಡಿದರೆ ಹೊಂಡದ ಕೊನೆಯ ಮೆಟ್ಟಿಲು ಕಾಣುತ್ತಿತ್ತು. ಇರಲಿ, ಅಂದಾನೆಪ್ಪ ಸಾವ್ಕಾರರ ಲಾರಿ ಬರುವ ಹೊತ್ತಾಯಿತು ಅಂತ ಸಮಾಧಾನ ಮಾಡಿಕೊಂಡೆ. ಊರಿಗೆ ಬಟ್ಟೆ ತಂದುಕೊಡುವವರು ಅವರೇ.

ಲಾರಿಯೂ ಬಂತು. ಗಂಟು ಬಿಚ್ಚಿದರೆ ಹಾಲಿನಂಥ ಬಿಳಿ ಬಟ್ಟೆ, ಅಂಚಿಗೆ ಹಸಿರೆಲೆಯ ಸಣ್ಣ ಚೀಟಿ. ಊರಿಗೆ ಊರೇ ಕೊಡ ಹಿಡಿದುಕೊಂಡು ಕಟ್ಟೆಯ ಸುತ್ತ ನಿಂತಿತ್ತು. ನಾನು ಸೆರಗು ಸಿಕ್ಕಿಸಿ ತಿರುವಿದೆ. ಅರ್ಧ ಚರಿಗೆ ನೀರು ಬಿತ್ತು. ಬಿದ್ದದ್ದು ಸಿಹಿಯೆಂದರೆ ಸಿಹಿ, ಎಳನೀರಿನಂಥದ್ದು, ಆದರೆ ಅರ್ಧ ಚರಿಗೆ. ಇನ್ನೊಂದು ಬಟ್ಟೆ ತೆಗೆದುಕೊಂಡೆ, ಅಷ್ಟೇ. ಮತ್ತೊಂದಕ್ಕೆ ಮೊಣಕೈ ಕಟಕ್ಕೆನ್ನುವಂತೆ ತಿರುವಿದೆ, ಅದೂ ಅಷ್ಟೇ. ಜನ ಬಟ್ಟೆ ನೋಡುವುದು ಬಿಟ್ಟು ನನ್ನ ಕೈ ನೋಡತೊಡಗಿದರು. ಫಕೀರವ್ವನ ಕೈ ಹೋಯಿತು ಅಂತ ಹಿಂದಿನಿಂದ ಯಾರೋ ಅಂದದ್ದು ಕಿವಿಗೆ ಬಿತ್ತು. ತುಂಬು ಬಸುರಿ ಮಗಳು ಮನೆಯಲ್ಲಿ, ಇಲ್ಲಿ ನನ್ನ ಕೈಯಲ್ಲಿ ನೀರಿಲ್ಲ.

ಸಾವ್ಕಾರರೇ ಬಾಯಿ ಬಿಟ್ಟರು. ತಪ್ಪು ನನ್ನ ಕೈಯದಲ್ಲವಂತೆ, ರೈತರದಂತೆ. ಈಗ ಎಷ್ಟೋ ಕಡೆ ಹತ್ತಿಗೆ ಮೊದಲಿನಂತೆ ಕಾಲುವೆ ಒಡೆದು ನೀರು ನಿಲ್ಲಿಸುವುದಿಲ್ಲವಂತೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಹಸಿ ಇದ್ದರೆ ಸುಮ್ಮನಿರುತ್ತಾರಂತೆ, ಇಲ್ಲದಿದ್ದರೆ ಸಣ್ಣ ಕೊಳವೆಯಲ್ಲಿ ಬೇರಿಗಷ್ಟೇ ಹನಿಹನಿ ಕೊಡುತ್ತಾರಂತೆ. ಮಳೆಯ ನೀರು ಓಡದಂತೆ ಬದು ಹಾಕಿ, ಸಾಲಿನ ನಡುವೆ ಹೆಸರುಕಾಳು ಬಿತ್ತಿ, ತಿಪ್ಪೆಗೊಬ್ಬರ ಹಾಕಿ ಬೆಳೆಯುತ್ತಾರಂತೆ. ಎಣ್ಣೆಯನ್ನೂ ಹುಳ ಎಣಿಸಿ ಎಣಿಸಿ ಹೊಡೆಯುತ್ತಾರಂತೆ. ಪೇಟೆಯವರು ಅಂಥ ಬಟ್ಟೆಗೇ ಮುಗಿಬೀಳುತ್ತಾರಂತೆ. ನಾವು ಕೇಳಿ ಬಾಯಿಗೆ ಬಂದಂತೆ ಬೈದೆವು. ಯಾರೋ ಕಾಣದ ಊರಿನ ರೈತ ತನ್ನ ನೀರು ಉಳಿಸಿಕೊಂಡರೆ ನಮ್ಮ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಜಿಪುಣರು, ಗಿಡಕ್ಕೆ ನೀರು ಹಾಕದ ಪಾಪಿಗಳು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಬೈದವಳು ನಾನೇ ಇರಬೇಕು.

ಪಂಚರು ಕೂತು ಸಾವ್ಕಾರರಿಗೆ ಹೇಳಿದರು: ಹಳೆಯ ರೀತಿಯಲ್ಲೇ ಬೆಳೆಯುವವರು ಎಲ್ಲಾದರೂ ಇದ್ದೇ ಇರುತ್ತಾರೆ, ಅವರ ಬಟ್ಟೆ ತನ್ನಿ. ಸಾವ್ಕಾರರು ತಲೆ ಕೆರೆದುಕೊಂಡು, ಒಂದು ಸೀಮೆ ಇದೆ, ಅಲ್ಲಿ ಹತ್ತಿಯ ಹೊಲದಲ್ಲಿ ಎಮ್ಮೆ ಈಜುವಷ್ಟು ನೀರು ಬಿಡುತ್ತಾರೆ, ಬಟ್ಟೆಯೂ ಅಗ್ಗ, ಮೊದಲು ಒಂದು ಗಂಟು ತಂದು ತೋರಿಸುತ್ತೇನೆ ಅಂದರು.

ಆ ಗಂಟಿನ ಮೊದಲ ಬಟ್ಟೆಗೆ ನಾನು ಕೈ ಹಾಕಿದ್ದಷ್ಟೇ ಗೊತ್ತು. ತಿರುವು ಅರ್ಧವೂ ಆಗಿರಲಿಲ್ಲ, ನೀರು ಎದೆಗೆ ಗುದ್ದಿ ನನ್ನನ್ನು ಕಟ್ಟೆಯ ಮೇಲೆ ಅಂಗಾತ ಕೆಡವಿತು. ಬಿದ್ದಲ್ಲೇ ಮೂಸಿದೆ. ಎಣ್ಣೆಯ ವಾಸನೆ ಇರಲಿಲ್ಲ, ಏನೋ ಕೆಸರಿನ, ಪಾಚಿಯ, ನನಗೆ ಗುರುತಿಲ್ಲದ ವಾಸನೆ. ಏಳಬೇಕೆನ್ನುವಾಗ ನನ್ನ ಹೊಟ್ಟೆಯ ಮೇಲೆ ಏನೋ ಪಟಪಟ ಬಡಿದುಕೊಂಡಿತು. ನೋಡಿದರೆ ಒಂದು ಗೇಣು ಉದ್ದದ ಮೀನು. ಬಟ್ಟೆಯೊಳಗಿಂದ ಜೀವಂತ ಮೀನು. ನಮ್ಮೂರಿನವರು ಬದುಕಿರುವ ಮೀನನ್ನು ಕಂಡವರೇ ಅಲ್ಲ, ಅರ್ಧ ಜನ ಹಾವೆಂದು ತಿಳಿದು ಕೊಡ ಬಿಸಾಡಿ ಓಡಿದರು. ಮಿಕ್ಕವರು ನಿಂತಲ್ಲೇ ಕಲ್ಲಾದರು. ನಮ್ಮ ಅಜ್ಜಿಯ ಕಾಲದಿಂದಲೂ ಬಟ್ಟೆ ಕೊಟ್ಟದ್ದು ನೀರು, ಬರೀ ನೀರು. ಅದರಲ್ಲಿ ಒಂದು ಕಸವೂ ಬಂದದ್ದಿಲ್ಲ. ಈಗ ಕಣ್ಣು ಬಿಟ್ಟುಕೊಂಡ ಜೀವ ಬಂದಿತ್ತು. ಎಲ್ಲಿಂದ ಬಂದೆ ಅಂತ ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ನಮ್ಮವ್ವನ ನೆನಪಾಗಿ ನುಂಗಿಕೊಂಡೆ.

ಬೆರಗು ಎಷ್ಟು ಹೊತ್ತು ನಿಂತೀತು, ನೀರು ಹರಿಯುತ್ತಿತ್ತಲ್ಲ. ಒಂದು ಗಂಟಿನ ನೀರನ್ನು ಊರೆಲ್ಲ ಬಡಿದಾಡಿ ಹಂಚಿಕೊಂಡಿತು. ಹೊಂಡಕ್ಕೆ ಒಂದು ಹನಿ ಇಳಿಯಲು ಬಿಡಲಿಲ್ಲ. ಇಡೀ ಲಾರಿ ತುಂಬಿಸಿಕೊಂಡು ಬನ್ನಿ ಅಂತ ಪಂಚರು ಸಾವ್ಕಾರರನ್ನು ಆಗಲೇ ಓಡಿಸಿದರು. ಮೀನನ್ನು ಯಾರಿಗೂ ಮುಟ್ಟುವ ಧೈರ್ಯ ಬರಲಿಲ್ಲ, ನಾನೇ ಸೆರಗಿನಲ್ಲಿ ಹಿಡಿದು ತಂದು ಅಂಗಳದ ಕಲ್ಲುಬಾನಿಯಲ್ಲಿ ಬಿಟ್ಟೆ. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ಬಾನಿಯ ಅಂಚಿಗೆ ಕೂತು ಚುರುಮುರಿ ಹಾಕುತ್ತಿದ್ದಳು.

ಮುಂದಿನ ವಾರವೇ ಒಬ್ಬ ಹೆಂಗಸು ನಡೆದುಕೊಂಡು ಊರಿಗೆ ಬಂದಳು. ಹೆಸರು ಮಾಬೂಬಿ. ನನ್ನದೇ ವಯಸ್ಸಿರಬಹುದು, ಬೆರಳ ತುದಿಗಳೆಲ್ಲ ಹತ್ತಿಕಾಯಿಯ ಸಿಪ್ಪೆ ತಾಗಿ ಗಾಯವಾಗಿ ಒಣಗಿದ್ದವು. ಊರು ಬಿಟ್ಟು ತಿಂಗಳುಗಳೇ ಆದವು, ಬಟ್ಟೆಯ ಹಾದಿ ಹಿಡಿದು ಬಂದೆ ಅಂದಳು. ತಮ್ಮೂರ ಹತ್ತಿ ಯಾವ ಗಿರಣಿಗೆ ಹೋಯಿತೆಂದು ಕೇಳಿಕೊಂಡು ಅಲ್ಲಿಗೆ, ಅಲ್ಲಿಂದ ನೂಲಿನ ಮಿಲ್ಲಿಗೆ, ಮಿಲ್ಲಿನಿಂದ ಮಗ್ಗದವರ ಕೇರಿಗೆ, ಅಲ್ಲಿಂದ ಪೇಟೆಗೆ, ಪೇಟೆಯಲ್ಲಿ ಸಾವ್ಕಾರರ ಹೆಸರು ಸಿಕ್ಕಿ ಇಲ್ಲಿಗೆ. ಮಿಲ್ಲಿನವರು ಎಲ್ಲ ಊರಿನ ಹತ್ತಿಯನ್ನೂ ಒಂದೇ ರಾಶಿ ಮಾಡಿರುತ್ತಾರೆ, ಯಾವುದು ಯಾರದೆಂದು ಹೇಳುವವರೇ ಇಲ್ಲ, ನಾನು ನಮ್ಮದನ್ನು ಉಪ್ಪಿನ ವಾಸನೆಯಿಂದ ಹುಡುಕಿದೆ ಅಂದಳು. ಅದೆಂಥ ಮಾತೆಂದು ನಮಗೆ ತಿಳಿಯಲಿಲ್ಲ. ಬಂದವಳಿಗೆ ಮಾಡುವ ಮರ್ಯಾದೆ ಮಾಡೋಣವೆಂದು ನನ್ನ ಸೀರೆ ಉಡಿಸಿ, ಅವಳ ಮಾಸಿದ ಸೀರೆಯನ್ನು ಕಟ್ಟೆಗೆ ಒಯ್ದು ತಿರುವಿದೆ.

ನೀರು ಬರಲಿಲ್ಲ. ಸೀರೆಯ ಮಡಿಕೆಯಿಂದ ಬೆಳ್ಳಗೆ ಪುಡಿ ಸುರಿಯಿತು. ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ನನ್ನ ಜನ್ಮದಲ್ಲಿ ಬಟ್ಟೆ ಹಿಂಡಿ ಉಪ್ಪು ಕಂಡವಳಲ್ಲ ನಾನು. ಜೊತೆಗಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಒಣ ಸೀರೆಯನ್ನೂ ಮುಷ್ಟಿ ಉಪ್ಪನ್ನೂ ಹಿಡಿದುಕೊಂಡು ಮನೆಗೆ ಬಂದರೆ, ಮಾಬೂಬಿ ಕಲ್ಲುಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದಳು. ಮೀನು ಅವಳ ಬೆರಳಿನ ಸುತ್ತ ಸುತ್ತುತ್ತಿತ್ತು.

ಆಗ ನಾನು ನಮ್ಮವ್ವ ಬೇಡವೆಂದದ್ದನ್ನು ಕೇಳಿದೆ, ನಿನ್ನ ಊರು ಯಾವುದೆಂದು. ಅವಳು ಹೇಳಿದಳು. ಅವರದು ಕೆರೆಯ ದಂಡೆಯ ಊರಂತೆ, ಆಚೆ ದಡ ಕಣ್ಣಿಗೆ ಕಾಣದಷ್ಟು ದೊಡ್ಡ ಕೆರೆ. ಅವಳಪ್ಪ ಬಲೆ ಬೀಸುತ್ತಿದ್ದನಂತೆ. ಹತ್ತಿಗೆಂದು ಕೆರೆಯ ಹೊಟ್ಟೆ ಸೀಳಿ ಕಾಲುವೆ ತೆಗೆದರಂತೆ. ವರ್ಷ ವರ್ಷ ಕೆರೆ ಹಿಂದೆ ಹಿಂದೆ ಸರಿಯಿತಂತೆ, ದೋಣಿಗಳು ನೆಲಕ್ಕೆ ಕೂತವಂತೆ, ತಳದ ಉಪ್ಪು ಗಾಳಿಗೆ ಎದ್ದು ಮನೆಯೊಳಗೆ ಬಂದಿತಂತೆ. ಬಲೆ ಬೀಸಿದವರ ಮಕ್ಕಳು ಹತ್ತಿ ಬಿಡಿಸುವ ಕೂಲಿಗೆ ಬಿದ್ದರಂತೆ. ಈಗ ಊರಿಗೆ ಉಳಿದದ್ದು ಒಂದೇ ಕುಡಿಯುವ ಬಾವಿ. ಅದರ ಹಗ್ಗಕ್ಕೆ ಅವಳವ್ವನ ತಾಮ್ರದ ಕೊಡ ಕಟ್ಟಿದೆಯಂತೆ, ಕಂಠ ಸಡಿಲಾಗಿದ್ದಕ್ಕೆ ಅಪ್ಪನ ಬಲೆಯ ಹಸಿರು ದಾರ ಸುತ್ತಿದೆಯಂತೆ. ನಾವು ಕೊಳ್ಳುತ್ತಿರುವವರೆಗೂ ಅವರ ಹೊಲದ ಒಡೆಯರು ಬೆಳೆಯುತ್ತಲೇ ಇರುತ್ತಾರೆ, ಆದ್ದರಿಂದ ಇನ್ನು ಕೊಳ್ಳಬೇಡಿ ಅಂತ ಕೇಳಿಕೊಳ್ಳಲು ಅವಳು ಬಂದದ್ದು. ಅಷ್ಟಕ್ಕೇ ಅಷ್ಟು ದೂರ.

ನನ್ನ ತಲೆಯ ಮೇಲೆ ಯಾರೋ ಕಲ್ಲು ಎತ್ತಿಹಾಕಿದಂತಾಯಿತು. ಹುಟ್ಟಿದಾಗಿನಿಂದ ಮಿಂದದ್ದು, ಕುಡಿದದ್ದು, ಅಂಗಳಕ್ಕೆ ಚೆಲ್ಲಿದ್ದು, ಎಲ್ಲ ಇನ್ನೊಬ್ಬರ ಕೆರೆಯದು, ಇನ್ನೊಬ್ಬರ ಹೊಳೆಯದು. ಪಂಚರಲ್ಲಿಗೆ ಅವಳನ್ನು ಕರೆದುಕೊಂಡು ಹೋದೆ. ಅವಳ ಮಾತು ಕೇಳಿ ಒಬ್ಬರು, ಲಾರಿ ಆಗಲೇ ಹೊರಟಾಗಿದೆ, ಆ ಬಟ್ಟೆ ಕುಡಿದದ್ದನ್ನು ಕುಡಿದಾಗಿದೆ, ನಾವು ಹಿಂಡದಿದ್ದರೆ ಕೆರೆ ತುಂಬುತ್ತದೆಯೇ ಅಂದರು.

ಲಾರಿ ಬಂದ ದಿನ ಬೆಳಿಗ್ಗೆಯೇ ಕಸ್ತೂರಿಗೆ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋದವಳು ಹೊರಗೆ ತಲೆ ಹಾಕಿ, ಬಿಸಿನೀರು ಇಡು ಅಂದಳು. ಮನೆಯಲ್ಲಿದ್ದ ಕೊಡಗಳನ್ನೆಲ್ಲ ಬಗ್ಗಿಸಿ ನೋಡಿದೆ. ಓಣಿಯಲ್ಲಿ ಕೇಳಿದೆ. ಎಲ್ಲರ ಮನೆಯದೂ ಅದೇ ಕಥೆ. ನೀರಿದ್ದದ್ದು ಕಲ್ಲುಬಾನಿಯಲ್ಲಿ ಮಾತ್ರ, ಮೀನು ಮುಳುಗುವಷ್ಟು. ಕಸ್ತೂರಿ ಒಳಗೆ ಹಲ್ಲು ಕಚ್ಚಿ ನರಳುತ್ತಿದ್ದಳು. ಅತ್ತ ಕಟ್ಟೆಯಿಂದ ಕರೆಯ ಮೇಲೆ ಕರೆ ಬರುತ್ತಿತ್ತು.

ಹೋದೆ. ಲಾರಿಯ ಬಟ್ಟೆಯನ್ನೆಲ್ಲ ಕಟ್ಟೆಯ ಮೇಲೆ ಒಟ್ಟಿದ್ದರು. ಕೊಡಗಳ ಸಾಲು ಊರ ಅಗಸೆಬಾಗಿಲವರೆಗೂ ಹೋಗಿತ್ತು. ಮಾಬೂಬಿ ಕಟ್ಟೆಯ ಮೂಲೆಯಲ್ಲಿ ನನ್ನ ಸೀರೆಯುಟ್ಟುಕೊಂಡು ನಿಂತಿದ್ದಳು. ನಾನು ಬಟ್ಟೆ ಎತ್ತಿಕೊಂಡೆ, ಆದರೆ ಕೈ ತಿರುಗಲಿಲ್ಲ. ಜನ ನನ್ನನ್ನೇ ನೋಡುತ್ತಿದ್ದರು, ನಾನು ಅವಳನ್ನು ನೋಡುತ್ತಿದ್ದೆ. ಅವಳು ಹತ್ತಿರ ಬಂದಳು.

“ಹಿಂಡ್ರಿ ಯಕ್ಕಾ,” ಅಂದಳು. “ಹುಟ್ಟೂ ಕೂಸು ಏನ್ ತಪ್ಪ ಮಾಡೇತಿ. ಇದು ಕಾಲುವೆ ನೀರು, ಹೋದದ್ದು ಹೋತು. ಬಾವಿ ನೀರು ಹತ್ತಿಗೆ ಹಾಯಸೂದಿಲ್ಲಂತ ನಮ್ಮೂರವರು ದೇವರ ಮುಂದ ಆಣಿ ಮಾಡ್ಯಾರ.”

ತಿರುವಿದೆ. ನೀರು ಧೋ ಎಂದು ಇಳಿಯಿತು. ಮೂಸಿ ನೋಡಿ ತಲೆಯಾಡಿಸಿದೆ, ಎಲ್ಲರೂ ಬಟ್ಟೆಗೆ ಕೈ ಹಾಕಿದರು. ಕಲ್ಲುಗಾಲುವೆ ತುಂಬಿ ಹೊಂಡದೊಳಗೆ ಸದ್ದು ಕೇಳಿಸಿತು. ಆ ಸದ್ದು ಕೇಳಿ ಎಷ್ಟು ತಿಂಗಳಾಗಿತ್ತೋ, ಮುದುಕರು ಕೂಡ ನಕ್ಕರು. ನಾನು ನನ್ನ ಪಾಲಿನ ಕೊಡ ತುಂಬಿಸಿಕೊಂಡು ಓಡಬೇಕೆನ್ನುವಷ್ಟರಲ್ಲಿ, ಒಂದು ಹಚ್ಚಡದ ಎರಡು ತುದಿ ಹಿಡಿದಿದ್ದ ಹೆಂಗಸರು ತಿರುವಲಾರದೆ ನನ್ನನ್ನು ಕೂಗಿದರು. ನಡುವೆ ಏನೋ ಗಟ್ಟಿ ಸಿಕ್ಕಿಕೊಂಡಿತ್ತು. ಇನ್ನೊಂದು ಮೀನಿರಬೇಕೆಂದು ನಾನು ಬಲವಾಗಿ ತಿರುವಿದೆ.

ತಾಮ್ರದ ಕೊಡ ಕಟ್ಟೆಯ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಉರುಳಿ ಉರುಳಿ ಮಾಬೂಬಿಯ ಕಾಲಿಗೆ ತಾಗಿ ನಿಂತಿತು. ಅದರ ಹಿಂದೆಯೇ ಹಚ್ಚಡದಿಂದ ಹಗ್ಗ ಮಾರು ಮಾರು ಇಳಿದು ಬಂತು. ಕೊಡದ ಕಂಠಕ್ಕೆ ಹಸಿರು ದಾರ ಸುತ್ತಿತ್ತು.

ಎಲ್ಲರೂ ಕೈಯಲ್ಲಿದ್ದ ಬಟ್ಟೆ ಬಿಟ್ಟರು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ಊರು ಬಿಟ್ಟು ಬಂದಮೇಲೆ, ಆಣೆ ಮಾಡಿದವರ ಮೇಲೆ ಯಾರು ಬಂದು ನಿಂತರೋ, ಯಾವ ಒಡೆಯ ಬಾವಿಗೆ ಎಂಜಿನು ಇಟ್ಟನೋ, ಕೊನೆಯ ಸುತ್ತಿನ ಕಾಯಿ ಒಡೆಯುವುದಕ್ಕೆ ಆ ಬಾವಿಯನ್ನೂ ಬಸಿದಿದ್ದರು. ನಾವು ಅದನ್ನು ಕೊಂಡಿದ್ದೆವು, ನಾನು ಹಿಂಡಿದ್ದೆ. ಮಾಬೂಬಿ ಅಳುತ್ತಾಳೆ, ನನ್ನ ಮುಖಕ್ಕೆ ಉಗುಳುತ್ತಾಳೆ ಅಂದುಕೊಂಡೆ. ಉಗುಳಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಬಗ್ಗಿ ಕೊಡ ಎತ್ತಿಕೊಂಡಳು. ಒಳಗೆ ಕೈಯಾಡಿಸಿದಳು. ಹಸಿರು ದಾರ ಬಿಚ್ಚಿಕೊಂಡಿದ್ದಲ್ಲಿ ಹಲ್ಲಿನಿಂದ ಕಚ್ಚಿ ಮತ್ತೆ ಬಿಗಿದಳು. ಆಮೇಲೆ ಕಲ್ಲುಗಾಲುವೆಯ ನೀರಿನಲ್ಲಿ ಅದ್ದಿ ತುಂಬಿಸಿ, ಸೊಂಟದ ಮೇಲೆ ಇಟ್ಟುಕೊಂಡು, ನಮ್ಮ ಮನೆಯ ಕಡೆ ನಡೆದಳು. ಜನ ದಾರಿ ಬಿಟ್ಟರು. ನಾನು ಖಾಲಿ ಕೈಯಲ್ಲಿ ಅವಳ ಹಿಂದೆ ಹೋದೆ.

ಹೆಣ್ಣುಕೂಸು ಹುಟ್ಟಿತು. ಅದರ ಮೈಮೇಲೆ ಬಿದ್ದ ಮೊದಲ ನೀರು ಆ ಕೊಡದ್ದು. ಕೂಸು ಕಿರುಚಿ ಅತ್ತಿತು, ಸೂಲಗಿತ್ತಿ ಒಳ್ಳೆ ಗಂಟಲು ಅಂತ ನಕ್ಕಳು, ನನಗೆ ನಗು ಬರಲಿಲ್ಲ. ಅವತ್ತು ಸಂಜೆಯೇ ಪಂಚರ ಮುಂದೆ ಹೋಗಿ, ಆ ಸೀಮೆಯ ಬಟ್ಟೆಗೆ ಇನ್ನು ನನ್ನ ಕೈ ತಿರುಗುವುದಿಲ್ಲ, ಹಸಿರೆಲೆಯ ಚೀಟಿಯದು ತಂದರೆ ತಿರುವುತ್ತೇನೆ, ಇಲ್ಲದಿದ್ದರೆ ಬೇರೆ ಕೈ ಹುಡುಕಿಕೊಳ್ಳಿ ಅಂದೆ. ಬೇರೆ ಕೈ ಇಲ್ಲವೆಂದು ಅವರಿಗೂ ಗೊತ್ತಿತ್ತು. ಬೈದರು. ಈಗಲೂ ಬೈಯುತ್ತಾರೆ. ಅರ್ಧ ಚರಿಗೆಯ ಬಟ್ಟೆಯಲ್ಲಿ ಊರು ಬದುಕುವುದು ಹೇಗಿರುತ್ತದೆಂದು ಬದುಕಿದವರಿಗೇ ಗೊತ್ತು. ವಾರಕ್ಕೊಮ್ಮೆ ಜಳಕ, ಪಾತ್ರೆಗೆ ಬೂದಿ, ಮುಖ ತೊಳೆದ ನೀರು ತುಳಸಿಗೆ. ಬಾಣಂತಿಗೆ ಹಂಡೆ ನೀರು ಎರೆಯದ ತವರು ಅಂತ ಬೀಗರು ಬಂಧುಬಳಗದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕಸ್ತೂರಿಯೂ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಆ ಬಟ್ಟೆ ತಂದಿದ್ದ ಸಾವ್ಕಾರರ ಲಾರಿ ವಾಪಸು ಹೊರಡುವ ದಿನ ಮಾಬೂಬಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದೆ. ಅವಳ ಸೀರೆಯನ್ನು ಮಡಚಿ ಗಂಟಿನ ಮೇಲಿಟ್ಟೆ. ಡ್ರೈವರ್ ಮುಂದಿನ ಸೀಟು ಖಾಲಿ ಇಟ್ಟಿದ್ದಾನೆ, ಊರಿನ ತನಕ ಬಿಡುತ್ತಾನೆ, ನಡಿಯವ್ವ ಅಂದೆ. ಅವಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಎಲ್ಲಿಗಂತ ಹೋಗ್ಲಿ ಯಕ್ಕಾ,” ಅಂದಳು. “ನಮ್ಮೂರು ಪೂರಾ ಇಲ್ಲೇ ಬಂದೈತಲ್ಲ.”

ಹೊರಗೆ ಲಾರಿ ಎರಡು ಸಲ ಹಾರ್ನ್ ಮಾಡಿ ಹೋಯಿತು. ನಾನು ರೊಟ್ಟಿಯ ಗಂಟು ಬಿಚ್ಚಿ ಮತ್ತೆ ಬುಟ್ಟಿಯಲ್ಲಿಟ್ಟೆ. ಮಾಬೂಬಿ ಕೂಸನ್ನು ನನ್ನ ಕೈಗೆ ಕೊಟ್ಟು, ತಾಮ್ರದ ಕೊಡದಲ್ಲಿ ಉಳಿದಿದ್ದ ನೀರನ್ನು ಬಾನಿಯ ಮೀನಿಗೆ ಹಾಕಲು ಅಂಗಳಕ್ಕೆ ಹೋದಳು.